ಮೂಲೆಯ ಆಲಿವ್ ಗಿಡ ಹೂಬಿಟ್ಟಿತ್ತು

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆಯ ಸಂಜೆ, ಬೀದಿದೀಪ ಹತ್ತುವ ಸ್ವಲ್ಪ ಮೊದಲು ನಾನು ನಿಂತಿದ್ದದ್ದು ಅಕ್ಕನ ಕಾಲೊನಿಯ ಪಾರ್ಕಿನ ಈಶಾನ್ಯ ಮೂಲೆಯಲ್ಲಿ. ಬೆನ್ನಿಗೆ ಕಾಂಪೌಂಡ್ ಗೋಡೆ ಇತ್ತು. ಎಡಕ್ಕೆ ತುದಿಯಿಂದ ಒಣಗುತ್ತ ಬಂದ ಬೇವಿನ ಮರ. ಎದುರಿಗೆ, ನನ್ನ ಎದೆಯ ಮಟ್ಟದಲ್ಲಿ, ಒಂದು ಆಲಿವ್ ಗಿಡದ ಕೆಳಗಿನ ಕೊಂಬೆಗಳು. ಬಲಗಡೆ ಭಾವ ನಿಂತಿದ್ದರು. ಆಗಷ್ಟೇ ಗಿಡದಿಂದ ಬಿಚ್ಚಿದ ಹಳೆಯ ಸೊಳ್ಳೆಪರದೆಯನ್ನು ಎರಡೂ ಕೈಯಲ್ಲಿ ಮುದ್ದೆಮಾಡಿ ಹಿಡಿದಿದ್ದರು. ಅವರ ಹಿಂದೆ, ಕಲ್ಲುಬೆಂಚಿನ ಹತ್ತಿರ, ಅಕ್ಕ.

ಆ ಕೊಂಬೆಗಳಲ್ಲಿ ಹೂವಿತ್ತು. ಎಲೆಯ ಬುಡದಿಂದ ಹೊರಟ ಸಣ್ಣ ಸಣ್ಣ ಗೊಂಚಲು, ಒಂದೊಂದರಲ್ಲೂ ಕೆನೆಬಣ್ಣದ ಪುಟ್ಟ ಹೂಗಳು. ಕೆಲವು ಬಿರಿದಿದ್ದವು, ಕೆಲವು ಇನ್ನೂ ಹಸಿರು ಮಣಿಯಂತೆ ಮುಚ್ಚಿಕೊಂಡಿದ್ದವು. ಬಿರಿದ ಹೂವಿಗೆ ನಾಲ್ಕು ಎಸಳು, ನಡುವೆ ಎರಡು ಹಳದಿ ಕೇಸರ. ಬಗ್ಗಿ ಮೂಸಿದೆ, ತೀರ ತೆಳುವಾದ ವಾಸನೆ ಇತ್ತು. ಬೆರಳು ಚಾಚಿದಾಗ ಭಾವ ತಡೆದರು.

“ಮುಟ್ಟಬ್ಯಾಡ. ನೋಡು ಅಷ್ಟ.”

ಇದನ್ನು ಮೊದಲಿಗೇ ಬರೆಯುತ್ತಿದ್ದೇನೆ, ಏಕೆಂದರೆ ಈಗ ಅಲ್ಲಿ ಬೇರೆ ಮಾತು ನಡೆಯುತ್ತಿದೆ. ಆ ಗಿಡ ಹೂಬಿಟ್ಟಿರಲೇ ಇಲ್ಲವಂತೆ. ಮಗ ನೆಟ್ಟ ಗಿಡಗಳನ್ನು ಕಡಿಯುತ್ತಾರೆಂದು ಅವನ ತಾಯಿ ನಾಲ್ಕು ಜನರ ಮುಂದೆ ಸುಳ್ಳು ಹೇಳಿದಳಂತೆ. ಭಾವನ ತಾಯಿ ಈಗ ಇಲ್ಲ. ತಾವು ಹೇಳಿದ್ದು ನಿಜವೆಂದು ಬಂದು ಹೇಳಲಾರರು. ನಾನು ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ ಮಾಡಿದವನು. ಗೇಜಿನೊಳಗೆ ಕೂತದ್ದನ್ನು ಕೂತಿದೆ, ಕೂರದ್ದನ್ನು ಕೂರಲಿಲ್ಲ ಎನ್ನುವುದಷ್ಟೇ ಆ ಕೆಲಸ. ಇಲ್ಲಿಯೂ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಕಾಣದ್ದು ಬಂದಾಗ ಅದನ್ನೂ ಹೇಳುತ್ತೇನೆ. ಆದರೂ ಬರೆಯಲು ಕೂತವನು ನಡುವೆ ಎದ್ದು ನೀರು ಕುಡಿದು ಬರುತ್ತೇನೆ, ಮತ್ತೆ ಕೂರುತ್ತೇನೆ.

ಭಾವ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಕಳೆದವರು. ವಿಮಾನದೊಳಗೆ ಕೂರುವ ಉಪಕರಣಗಳನ್ನು ಮೊದಲು ಕೊರೆಯುವ ಚಳಿಯಲ್ಲಿ, ಆಮೇಲೆ ಸುಡುವ ಸೆಕೆಯಲ್ಲಿ ಇಟ್ಟು, ಅವು ಕೆಡುತ್ತವೆಯೋ ಇಲ್ಲವೋ ಎಂದು ನೋಡುವುದು ಅವರ ವಿಭಾಗದ ಕೆಲಸ. ಅದಕ್ಕೆಂದೇ ಕಪಾಟಿನಂಥ ದೊಡ್ಡ ಪೆಟ್ಟಿಗೆಗಳಿದ್ದವಂತೆ. ನಿವೃತ್ತಿಯ ಮೇಲೆ ಗೆಳೆಯರೊಬ್ಬರ ಮನೆಯ ಮದುವೆಗೆ ರಾಜಸ್ಥಾನಕ್ಕೆ ಹೋದಾಗ ಅಲ್ಲಿನ ಮರಳುನೆಲದಲ್ಲಿ ಸಾಲಾಗಿ ನಿಂತ ಆಲಿವ್ ತೋಟ ಕಂಡರು. ಬರುವಾಗ ರೈಲಿನಲ್ಲಿ ಸೀಟಿನ ಕೆಳಗೆ ನಾಲ್ಕು ಸಸಿ ಇಟ್ಟುಕೊಂಡು ಬಂದು ಪಾರ್ಕಿನಲ್ಲಿ ನೆಟ್ಟರು. ನಾಲ್ಕೂ ಬೇರೆ ಬೇರೆ ತಳಿ: ಆರ್ಬೆಕ್ವಿನಾ, ಬಾರ್ನಿಯಾ, ಪಿಕ್ವಾಲ್, ಕೊರೊನೈಕಿ. ಅಕ್ಕನಿಗೆ ಈ ಹೆಸರುಗಳು ಬಾಯಿಗೆ ಹತ್ತಲೇ ಇಲ್ಲ. ಗೇಟಿನ ಹತ್ತಿರದ್ದು, ಎತ್ತರದ್ದು, ಸಿಟ್ಟಿನದು, ಮೂಲೇದು ಎಂದು ಕರೆಯುತ್ತಿದ್ದಳು. ಸಿಟ್ಟಿನದು ಎಂದರೆ ಪಿಕ್ವಾಲ್. ಎಷ್ಟು ನೀರು ಗೊಬ್ಬರ ಕೊಟ್ಟರೂ ಅದು ಮುಖ ಬಿಗಿದುಕೊಂಡೇ ಇರುತ್ತಿತ್ತು.

ಗಿಡಗಳು ಬೆಳೆದವು. ನಮ್ಮ ಊರಿನ ಬಿಸಿಲನ್ನೂ ಕಲ್ಲುನೆಲವನ್ನೂ ತಡೆದುಕೊಂಡವು. ಆದರೆ ಏಳೆಂಟು ವರ್ಷವಾದರೂ ಒಂದೂ ಹೂಬಿಡಲಿಲ್ಲ. ಆಲಿವ್‌ಗೆ ಹೂವು ಬರಬೇಕಾದರೆ ಚಳಿಗಾಲದಲ್ಲಿ ಒಂದಿಷ್ಟು ದಿನ ನಿಜವಾದ ಚಳಿ ತಾಕಬೇಕು, ಇಲ್ಲವಾದರೆ ಎಲೆಯ ಬುಡದ ಮೊಗ್ಗು ಬರೀ ಎಲೆಯಾಗಿಯೇ ಒಡೆಯುತ್ತದೆ ಎಂದು ಭಾವ ವಿವರಿಸುತ್ತಿದ್ದರು. ಎಲೆ, ಹೂವು ಎರಡಕ್ಕೂ ಮೊಗ್ಗು ಒಂದೇ, ಅದು ಏನಾಗುತ್ತದೆಂದು ಉಬ್ಬುವವರೆಗೂ ಹೇಳಲು ಬರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಪ್ರತಿ ಬೆಳಿಗ್ಗೆ ಅವರು ಭೂತಕನ್ನಡಿ ಹಿಡಿದು ಪಾರ್ಕಿಗೆ ಹೋಗುವರು. ಮೊಗ್ಗಿನ ತುದಿ ಚೂಪಾಗಿದ್ದರೆ ಎಲೆ, ದುಂಡಗಿದ್ದರೆ ಆಸೆ. ಪ್ರತಿ ವರ್ಷ ಚೂಪಾಗಿಯೇ ಇರುತ್ತಿತ್ತು.

ಈ ನಡುವೆ ಕಾಲೊನಿಯ ಸಂಘದವರು ಅಲ್ಲಿ ಷಟಲ್ ಕೋರ್ಟ್ ಮಾಡಬೇಕೆಂದು ನಿರ್ಧರಿಸಿದರು. ಪಾರ್ಕು ಎಲ್ಲರದು, ಹಣ್ಣಿಲ್ಲದ ನೆರಳಿಲ್ಲದ ನಾಲ್ಕು ಗಿಡ ಒಬ್ಬರದು ಎಂಬ ಮಾತು ಎದ್ದಿತು. ಸಂಘದ ಕಾರ್ಯದರ್ಶಿ ನಿವೃತ್ತ ಶಾಲಾ ಮೇಷ್ಟ್ರು, ಇಲ್ಲಿಯೇ ಹುಟ್ಟಿ ಬೆಳೆದವರು, ನಮ್ಮೊಂದಿಗೆ ಹಿಂದಿಯಲ್ಲಿ, ಉಳಿದವರೊಂದಿಗೆ ತೆಲುಗಿನಲ್ಲಿ ಮಾತಾಡುವವರು. ಕೆಟ್ಟವರಲ್ಲ. ಭಾವ ಹೋಗಿ ಕೇಳಿಕೊಂಡಾಗ ಒಂದು ಒಪ್ಪಂದಕ್ಕೆ ಬಂದರು. ಹಣ್ಣು ಬೇಡ, ಬರೀ ಹೂವು ಸಾಕು. ಯುಗಾದಿಯ ದಿನ ಪಂಚಾಂಗ ಶ್ರವಣಕ್ಕೆ ಎಲ್ಲರೂ ಪಾರ್ಕಿನಲ್ಲಿ ಸೇರುತ್ತಾರಲ್ಲ, ಆವತ್ತು ಕಮಿಟಿಯವರು ಬಂದು ನೋಡುವುದು. ಒಂದು ಗಿಡದಲ್ಲಾದರೂ ಹೂವಿದ್ದರೆ ಇನ್ನೊಂದು ವರ್ಷ ಬಿಡುವುದು. ಇಲ್ಲದಿದ್ದರೆ ಹಬ್ಬ ಮುಗಿದ ಮೇಲೆ ಕಡಿಯುವುದು.

ಆ ಚಳಿಗಾಲ ಭಾವ ಮಾಡಿದ್ದನ್ನು ಕಂಡು ಕಾಲೊನಿ ನಕ್ಕಿತು. ಸಂಜೆಯ ಹೊತ್ತು ಐಸಿನ ಗಟ್ಟಿಗಳನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಮೂಲೆಯ ಕೊರೊನೈಕಿ ಗಿಡದ ಕೆಳಕೊಂಬೆಗಳ ಸುತ್ತ ಜೋಡಿಸಿ, ಮೇಲೆ ಹಳೇ ಕಂಬಳಿ ಹೊದಿಸುವರು. ಪೂರ್ವಕ್ಕೂ ಉತ್ತರಕ್ಕೂ ಗೋಡೆ ಇರುವುದರಿಂದ ಆ ಮೂಲೆಗೆ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ, ಚಳಿ ಅಲ್ಲೇ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಕಾರ್ಯದರ್ಶಿ ವಾಕಿಂಗ್ ನಿಲ್ಲಿಸಿ ಕೇಳಿದರು, “ಕ್ಯಾ ಸಾಬ್, ಝಾಡ್ ಕು ಬುಖಾರ್ ಆಯಾ ಕ್ಯಾ?” ಗಿಡಕ್ಕೆ ಜ್ವರ ಬಂದಿದೆ ಎಂಬ ಮಾತು ಅಂದಿನಿಂದ ಎಲ್ಲರ ಬಾಯಲ್ಲೂ. ಹಾಲು ತರುವಾಗ, ಕಸ ಹಾಕುವಾಗ ಅಕ್ಕನನ್ನು ನಿಲ್ಲಿಸಿ ಗಿಡದ ಆರೋಗ್ಯ ವಿಚಾರಿಸುವರು. ಅಕ್ಕ ಮನೆಗೆ ಬಂದು ಗಂಡನ ಮೇಲೆ ಹಾಯುವಳು. “ನಿವೃತ್ತಿ ಆದಮ್ಯಾಲೆ ಮಂದಿ ಕಾಶಿಗೆ ಹೋಗ್ತಾರ. ನೀವು ಐಸ್ ಫ್ಯಾಕ್ಟರಿಗೆ ಹೊಂಟೀರಿ.”

ಐಸಿನಿಂದ ಆಯಿತೋ ಆ ವರ್ಷದ ಚಳಿಯಿಂದಲೋ ನನಗೆ ಗೊತ್ತಿಲ್ಲ. ಇದು ನಾನು ಕಾಣದ ಸಂಗತಿ. ಕಂಡದ್ದು ಇಷ್ಟು. ಮಾಘ ಮಾಸದಲ್ಲಿ ಗೇಟಿನ ಹತ್ತಿರದ ಆರ್ಬೆಕ್ವಿನಾ ಮೊದಲು ಆಸೆ ತೋರಿಸಿತು. ಸಾಸಿವೆಯಂಥ ಹಸಿರು ಮಣಿಗಳು ಬಂದವು, ಭಾವ ಅಕ್ಕನಿಂದ ಶಿರಾ ಮಾಡಿಸಿದರು. ಆಮೇಲೆ ಒಂದು ವಾರ ಕಾಲ ತಪ್ಪಿ ಬಿಸಿಲು ಹೊಡೆಯಿತು, ಮಣಿಗಳೆಲ್ಲ ಕಂದಿ ಉದುರಿದವು. ಎತ್ತರದ ಬಾರ್ನಿಯಾ ಉದ್ದುದ್ದ ಕುಡಿ ಎಸೆಯಿತು, ಎಲ್ಲವೂ ಎಲೆ. ಪಿಕ್ವಾಲ್ ಮೊಗ್ಗು ಉಬ್ಬಲೇ ಇಲ್ಲ. ಉಳಿದದ್ದು ಮೂಲೆಯ ಕೊರೊನೈಕಿ. ಅದರ ಎಲೆ ಉಳಿದವಕ್ಕಿಂತ ಚಿಕ್ಕದು, ಸಪೂರ. ಫಾಲ್ಗುಣದ ಕೊನೆಗೆ ಅದರ ಕೆಳಗಿನ ಕೊಂಬೆಗಳಲ್ಲಿ, ಐಸು ಇಟ್ಟಿದ್ದ ಮಟ್ಟದಲ್ಲೇ, ಮೊಗ್ಗುಗಳು ದುಂಡಗೆ ಉಬ್ಬಿ ಗೊಂಚಲಾದವು. ಭಾವ ಯಾರಿಗೂ ಹೇಳಲಿಲ್ಲ. ದೃಷ್ಟಿಯಾಗುತ್ತದೆಂಬ ಭಯ ಅವರಂಥ ಎಂಜಿನಿಯರಿಗೂ ಇತ್ತು. ಹಕ್ಕಿಗಳಿಗೆ ಸಿಗದಂತೆ ಸೊಳ್ಳೆಪರದೆ ಕಟ್ಟಿದರು. ಅಮಾವಾಸ್ಯೆಯ ದಿನ ಮೊದಲ ಹೂಗಳು ಬಿರಿದವು. ಈ ಹೂವಿನ ಪರಾಗವನ್ನು ಒಯ್ಯುವುದು ಗಾಳಿ, ಪರದೆಯೊಳಗೆ ಗಾಳಿ ಆಡುವುದಿಲ್ಲ. ಆದ್ದರಿಂದ ಆ ಸಂಜೆ ಪರದೆ ಬಿಚ್ಚಿದರು. ಅಕ್ಕನನ್ನೂ ನನ್ನನ್ನೂ ಮಾತ್ರ ಕರೆದು ತೋರಿಸಿದರು.

ನಾನು ಫೋನ್ ತೆಗೆದೆ. ಮಬ್ಬಿನಲ್ಲಿ ಬರೀ ಕಪ್ಪು ಬೂದಿ ಬಣ್ಣ ಬಂತು. ಭಾವ ನಕ್ಕು, ಮುಂಜಾನೆ ಬೆಳಕಿನಲ್ಲಿ ತೆಗೆಯೋಣ, ನಾಳೆ ಎಲ್ಲರೂ ನೋಡುತ್ತಾರಲ್ಲ ಎಂದರು. ಆ ಚಿತ್ರ ಈಗಲೂ ನನ್ನ ಫೋನಿನಲ್ಲಿದೆ. ಯಾರಿಗೆ ತೋರಿಸಿದರೂ ಇದೇನು ಎಂದು ಕೇಳುತ್ತಾರೆ.

ಇನ್ನು ಭಾವನ ತಾಯಿಯ ವಿಷಯ. ನಾವೆಲ್ಲ ಅವರನ್ನು ಅವ್ವ ಎನ್ನುತ್ತಿದ್ದೆವು. ವಿಜಯಪುರದ ಕಡೆಯವರು, ಮದುವೆಯಾಗಿ ಹೈದರಾಬಾದಿಗೆ ಬಂದು ಇಲ್ಲಿಯೇ ಮುದುಕಿಯಾದವರು. ತೆಲುಗು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುವರು. ಕಾಲೊನಿಯಲ್ಲಿ ಯುಗಾದಿ ಎಂದರೆ ಅವ್ವನ ಬೇವು. ತೆಲುಗರ ಮನೆಗಳಲ್ಲಿ ಅವರವರ ಯುಗಾದಿ ಪಚ್ಚಡಿ ಇರುತ್ತಿತ್ತು. ಆದರೆ ಪಂಚಾಂಗ ಶ್ರವಣಕ್ಕೆ ಬಂದವರಿಗೆಲ್ಲ ಅವ್ವ ನಮ್ಮ ಕಡೆ ಬೇವು ಎನ್ನುವ ಪಾನಕವನ್ನು ದೊಡ್ಡ ಪಾತ್ರೆಯಲ್ಲಿ ಮಾಡಿ ಲೋಟದಲ್ಲಿ ಕೊಡುವರು. ಹುಣಸೆಹುಳಿ, ಬೆಲ್ಲ, ಪುಠಾಣಿ ಅಂದರೆ ಹುರಿಗಡಲೆಯ ಹಿಟ್ಟು, ಗೋಡಂಬಿ, ದ್ರಾಕ್ಷಿ, ಕೊನೆಗೆ ಬೇವಿನ ಹೂವು. ಹೂವನ್ನು ಅವರೇ ಹರಿಯಬೇಕು. ಹಬ್ಬದ ಬೆಳಿಗ್ಗೆ ಮೈಮೇಲೆ ನೀರು ಹಾಕಿಕೊಂಡು, ಮಡಿಯುಟ್ಟು, ಒಬ್ಬರೇ ಪಾರ್ಕಿನ ಮೂಲೆಗೆ ಹೋಗಿ ತಟ್ಟೆ ತುಂಬ ಬಿಡಿಸಿಕೊಂಡು ಬರುವರು. ಪಾತ್ರೆಗೆ ಬೀಳುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ.

ಆ ವರ್ಷ ಊರಿನ ಬೇವಿನ ಮರಗಳಿಗೆಲ್ಲ ರೋಗ ಬಂದಿತ್ತು. ಕೊಂಬೆಗಳು ತುದಿಯಿಂದ ಒಣಗುತ್ತಿದ್ದವು, ಹೂವು ಎಲ್ಲೋ ಒಂದೊಂದು. ಅವ್ವನ ಮೂಲೆಯ ಮರವೂ ಹಾಗೇ. ಅಮಾವಾಸ್ಯೆಯ ಬೆಳಿಗ್ಗೆ ಅಕ್ಕ ನನ್ನನ್ನು ಸುಲ್ತಾನ್ ಬಜಾರಿಗೆ ಓಡಿಸಿದಳು. ನಾನು ತಂದ ಕಟ್ಟಿನಲ್ಲಿ ಬಾಡಿದ ಎಲೆ ಮಾತ್ರ ಇತ್ತು. ಅವ್ವ ಅದನ್ನು ಕೈಯಲ್ಲೂ ಹಿಡಿಯಲಿಲ್ಲ. ಪೇಟೆಯ ಸೊಪ್ಪು ಮಡಿಗೆ ಬರುವುದಿಲ್ಲ, ನಾಳೆ ನಾನೇ ನೋಡಿಕೊಳ್ಳುತ್ತೇನೆ ಎಂದರು.

ಅವರಿಗೆ ಕಣ್ಣು ಮಂಜಾಗಿದೆಯೆಂಬ ಅನುಮಾನ ಅಕ್ಕನಿಗಿತ್ತು. ಕನ್ನಡ ಪೇಪರ್ ಓದುವುದನ್ನು ನಿಲ್ಲಿಸಿದ್ದರು. ಕೇಳಿದರೆ, “ಈಗಿನ ಪೇಪರಿನ್ಯಾಗ ಓದೂವಂಥಾದ್ದು ಏನೈತಿ?” ಎನ್ನುವರು. ಆಸ್ಪತ್ರೆಯ ಮಾತೆತ್ತಿದರೆ ಸಿಟ್ಟು. ಕಣ್ಣು ಹೋಯಿತೆಂದರೆ ಒಲೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುತ್ತೀರಿ ಎಂದು ಒಮ್ಮೆ ನನ್ನೆದುರೇ ಅಂದಿದ್ದರು.

ಯುಗಾದಿಯ ಬೆಳಿಗ್ಗೆ, ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಸೂರ್ಯ ಇನ್ನೂ ಇದ್ದಾಗ, ನಾನು ಅಕ್ಕನ ಮನೆಯ ಮಹಡಿಯ ಮೇಲೆ ಚಹಾ ಕುಡಿಯುತ್ತಿದ್ದೆ. ಅವ್ವ ಒದ್ದೆಕೂದಲಲ್ಲಿ, ಒಂದು ಕೈಯಲ್ಲಿ ಹಿತ್ತಾಳೆ ತಟ್ಟೆ, ಇನ್ನೊಂದರಲ್ಲಿ ಊರುಗೋಲು ಹಿಡಿದು ಪಾರ್ಕಿನ ಮೂಲೆಗೆ ನಡೆದದ್ದು ಕಂಡೆ. ಮೇಲಿನಿಂದ ನನಗೆ ಬೇವಿನ ಒಣ ನೆತ್ತಿ ಮಾತ್ರ ಕಾಣುತ್ತಿತ್ತು. ಅದರ ಅಡಿಯಲ್ಲಿ ಅವ್ವನ ಬಿಳಿ ಸೀರೆಯ ಅಂಚು ಆಚೀಚೆ ಸರಿಯುತ್ತಿತ್ತು. ಅವರ ಕೈ ಯಾವ ಕೊಂಬೆಯ ಮೇಲಿತ್ತೆಂದು ನಾನು ಕಾಣಲಿಲ್ಲ. ಪ್ರತಿ ವರ್ಷದಂತೆ ಹೂ ಬಿಡಿಸುತ್ತಿದ್ದಾರೆ ಎಂದುಕೊಂಡೆ. ಈಚೆಗೆ ನಾನು ಮತ್ತೆ ಮತ್ತೆ ಆ ಮಹಡಿಗೆ ಹೋಗಿ ಅದೇ ಜಾಗದಲ್ಲಿ ನಿಂತು ನೋಡಿದ್ದೇನೆ. ಅಲ್ಲಿಂದ ಮರದ ಅಡಿ ನಿಜಕ್ಕೂ ಕಾಣುವುದಿಲ್ಲ.

ಅವರು ತಿರುಗಿ ಬಂದಾಗ ತಟ್ಟೆ ತುಂಬಿತ್ತು. ಮುಖದಲ್ಲಿ ಗೆದ್ದ ಕಳೆ.

“ಎಲ್ಲಾರೂ ಸಿಗೂದಿಲ್ಲ ಸಿಗೂದಿಲ್ಲ ಅಂದ್ರಿ. ನನ್ನ ಕೈಗೆ ಸಿಕ್ಕಾವ ನೋಡ್ರಿ.”

ಅಕ್ಕ ಹೋಳಿಗೆಯ ಗಡಿಬಿಡಿಯಲ್ಲಿದ್ದಳು, ಮಡಿಯ ತಟ್ಟೆಯ ಹತ್ತಿರ ಹೋಗಲಿಲ್ಲ. ಭಾವ ಸ್ನಾನದ ಮನೆಯಲ್ಲಿದ್ದರು. ಬೇಗ ಮೂಲೆಗೆ ಹೋಗಿ ಫೋಟೊ ತೆಗೆಯುವ ಮಾತು ಆಡಿದ್ದೆವು, ಆದರೆ ಎಣ್ಣೆಸ್ನಾನ, ಪೂಜೆ, ತೋರಣ ಎನ್ನುವಷ್ಟರಲ್ಲಿ ಪಾರ್ಕಿನಿಂದ ಮೈಕಿನ ಸದ್ದು ಬಂತು.

ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ಪುರೋಹಿತರು. ಅವರು ತೆಲುಗಿನಲ್ಲಿ ವರ್ಷದ ಮಳೆ, ಬೆಳೆ, ರಾಶಿಗಳ ಲಾಭ ನಷ್ಟ ಓದಿದರು. ನಮ್ಮ ಭಾವನ ರಾಶಿಗೆ ಆ ವರ್ಷ ಗೌರವ ಹೆಚ್ಚು ಎಂದು ಬಂತು, ಅಕ್ಕ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಓದು ಮುಗಿಯುತ್ತಲೇ ಅವ್ವ ತಮ್ಮ ಕುರ್ಚಿಯಿಂದಲೇ ಬೇವು ಹಂಚಿಸಿದರು. ಕಾರ್ಯದರ್ಶಿ ಎರಡು ಲೋಟ ಕುಡಿದರು. ಈ ಸಲ ಕಹಿ ಸ್ವಲ್ಪ ಬೇರೆ ತರಹ ಇದೆ ಎಂದು ಯಾರೋ ಅಂದರು. ಮರಕ್ಕೆ ರೋಗ ಬಂದಿದೆಯಲ್ಲ, ಅದಕ್ಕೇ ಎಂದು ಅವ್ವ ಸಮಾಧಾನ ಹೇಳಿದರು.

ಆಮೇಲೆ ಭಾವ ಹೊಸ ಶರಟಿನ ಕಾಲರ್ ಸರಿಮಾಡಿಕೊಂಡು, ಬನ್ನಿ ನೋಡಿ ಎಂದು ಕಾರ್ಯದರ್ಶಿಯನ್ನೂ ಕಮಿಟಿಯ ಇಬ್ಬರನ್ನೂ ಕರೆದುಕೊಂಡು ಮೂಲೆಗೆ ಹೊರಟರು. ಇನ್ನೂ ಮುಗಿಸದ ಬೇವಿನ ಲೋಟ ಕೈಯಲ್ಲೇ ಇತ್ತು. ನಾನು ಅವರಿಗಿಂತ ಒಂದು ಹೆಜ್ಜೆ ಹಿಂದಿದ್ದೆ.

ಕೊಂಬೆಗಳು ಬರಿದಾಗಿದ್ದವು. ಗೊಂಚಲಿದ್ದ ಕಡೆ ಹಸಿರು ತೊಟ್ಟುಗಳು, ಕೆಲವು ಕಡೆ ಚಿಗುರಿನ ತುದಿಯೇ ಮುರಿದಿತ್ತು. ನೆಲದಲ್ಲಿ ನಾಲ್ಕಾರು ಕೆನೆಬಣ್ಣದ ಚುಕ್ಕೆ. ಭಾವ ಮೊದಲು ನೆಲ ನೋಡಿದರು. ಆಮೇಲೆ ತಮ್ಮ ಕೈಯ ಲೋಟ ನೋಡಿದರು. ಅದರ ಮೇಲೆ ಒಂದು ಹೂವು ತೇಲುತ್ತಿತ್ತು. ಅದನ್ನು ಬೆರಳಿನಿಂದ ಎತ್ತಿ, ಅಂಗೈಯಲ್ಲಿಟ್ಟು, ಮುಷ್ಟಿ ಮುಚ್ಚಿದರು. ಅವರ ಮುಖದಲ್ಲಿ ಆಗ ಏನಿತ್ತೆಂದು ನನ್ನನ್ನು ಕೇಳಬೇಡಿ. ನಾನು ಆ ಮುಷ್ಟಿಯನ್ನೇ ನೋಡುತ್ತಿದ್ದೆ.

ಹೂವೆಲ್ಲಿ ಸಾಬ್ ಎಂದು ಕಾರ್ಯದರ್ಶಿ ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

ಭಾವ ಹಿಂದಿಯಲ್ಲಿ, ನಿನ್ನೆ ಇದ್ದವು, ಉದುರಿಹೋಗಿವೆ ಎಂದರು. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗದೆಯೇ ಕನ್ನಡದಲ್ಲಿ ಅಂದರು, “ಸುಮ್ನಿರು. ಅವ್ವ ಅಲ್ಲೇ ಕುಂತಾಳ.”

ನನಗೆ ಅರ್ಥವಾಯಿತು. ನಿಜ ಹೇಳಿದರೆ ಗಿಡ ಉಳಿಯಬಹುದು. ಆದರೆ ಇಡೀ ಕಾಲೊನಿಗೆ ವರ್ಷದ ಮೊದಲ ದಿನ ಬೇವಲ್ಲದ್ದನ್ನು ಬೇವೆಂದು ಕುಡಿಸಿದ ಮಾತು ಅವ್ವನ ತಲೆಗೆ ಬರುತ್ತದೆ. ಕಣ್ಣಿನ ಗುಟ್ಟೂ ಹೊರಗೆ ಬೀಳುತ್ತದೆ. ಭಾವ ಗಿಡಗಳನ್ನು ಬಿಟ್ಟುಕೊಟ್ಟರು. ಕಾರ್ಯದರ್ಶಿ ಅವರ ಭುಜ ತಟ್ಟಿ, ಹಬ್ಬ ಮುಗಿಯಲಿ, ಮುಂದಿನ ವಾರ ಆಳು ಕರೆಸೋಣ ಎಂದರು. ಕಮಿಟಿಯ ಒಬ್ಬರು ನಗುತ್ತ, ಜ್ವರ ಇಳಿಯಲಿಲ್ಲ ಎಂದರು. ಶಾಮಿಯಾನದ ಕಡೆಗೂ ಆ ನಗು ಹೋಯಿತು, ನಿನ್ನೆ ಇದ್ದ ಹೂವು ಇಂದಿಲ್ಲವಂತೆ ಎಂಬ ಮಾತೂ ಹೋಯಿತು.

ಅವ್ವ ಏನು ನಡೆಯಿತೆಂದು ಅಕ್ಕನನ್ನು ಕೇಳಿದ್ದಾರೆ. ಅಕ್ಕ ಏನೂ ಇಲ್ಲ ಎಂದಿದ್ದಾಳೆ. ಅವರು ನನ್ನನ್ನು ಕೂಗಿ ಕರೆದರು, ಗಿಡದ ಹತ್ತಿರ ಕರೆದೊಯ್ಯಲು ಹೇಳಿದರು. ನಾನು ತೋಳು ಹಿಡಿದು ಕರೆತಂದೆ. ಮೂಲೆಗೆ ಬಂದ ಮೇಲೆ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಬೆಳಿಗ್ಗೆ ನಿಂತಿದ್ದಂತೆಯೇ ನಿಂತು, ಕೈ ಎತ್ತಿದರು. ಕೈಗೆ ಸಿಕ್ಕಿದ ಕೊಂಬೆಯನ್ನು ಬೆರಳಿನಿಂದ ಸವರಿದರು. ಮುರಿದ ತೊಟ್ಟು, ಮತ್ತೊಂದು ಮುರಿದ ತೊಟ್ಟು. ಆಮೇಲೆ ಒಂದು ಎಲೆಯನ್ನು ಹಿಡಿದರು. ಬೇವಿನ ಎಲೆಯ ಅಂಚು ಗರಗಸದ ಹಾಗೆ. ಇದರ ಅಂಚು ನಯ, ಮೈ ಗಡುಸು. ಹೆಬ್ಬೆರಳು ಆ ಅಂಚಿನ ಮೇಲೆ ಹೋಗಿ ಬಂದು ಹೋಗಿ ಬಂದು, ನಿಂತುಬಿಟ್ಟಿತು.

“ರೋಗಕ್ಕ ಎಲಿ ಹಿಂಗ ಆಗ್ಯಾವ ಅಂದ್ಕೊಂಡಿದ್ದೆ,” ಎಂದರು. ಇದು ನನಗೆ ಮಾತ್ರ ಕೇಳುವಷ್ಟು.

ಭಾವ ಮುಂದೆ ಬಂದು ಅವರ ಕೈ ಹಿಡಿದು, ನಡಿ ಅವ್ವಾ, ಮನಿಗೆ ಹೋಗೂಣು ಎಂದರು. ಅವ್ವ ಕೈ ಬಿಡಿಸಿಕೊಂಡರು. ಶಾಮಿಯಾನದಿಂದ ಎದ್ದು ಬಂದಿದ್ದ ಜನರ ಕಡೆ ತಿರುಗಿದರು. ತೆಲುಗಿನಲ್ಲಿ ಹೇಳಬೇಕಿತ್ತು, ಆದರೆ ಮೊದಲು ಕನ್ನಡವೇ ಬಂತು.

“ಹೂವಾ ಇತ್ರಿ. ನಾನ ಹರದೀನಿ, ಬೇವು ಅಂತ. ನನಗ ಕಣ್ಣು ಕಾಣೂದಿಲ್ಲ. ವರ್ಷ ಆತು, ಮಗಗ ಹೇಳಿಲ್ಲ. ಈಗ ನೀವು ಕುಡದದ್ದು ಈ ಗಿಡದ ಹೂವಾ.”

ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದರು, ಒಂದು ಮಾತೂ ಬಿಡದೆ. ಧ್ವನಿ ನಡುಗಲಿಲ್ಲ.

ಎಲ್ಲರೂ ತಂತಮ್ಮ ಲೋಟದೊಳಗೆ ನೋಡಿದರು. ಒಬ್ಬಾಕೆ ಹೋಗಿ ಗಿಡದ ಬುಡಕ್ಕೆ ಚೆಲ್ಲಿದರು. ಮಕ್ಕಳೂ ಕುಡಿದಿವೆ, ವಿಷವೇನಾದರೂ ಆದೀತೇ ಎಂದು ಇನ್ನೊಬ್ಬರು ಕೇಳಿದರು. ಆಲಿವ್ ಎಲೆಯನ್ನು ಕುದಿಸಿ ಕಷಾಯ ಕುಡಿಯುವ ದೇಶಗಳಿವೆ, ಏನೂ ಆಗುವುದಿಲ್ಲ ಎಂದು ಭಾವ ಹೇಳಿದರು, ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಇದು ಯುಗಾದಿಯ ಬೇವಾಯಿತೋ ಇಲ್ಲವೋ ಎಂದು ಪುರೋಹಿತರನ್ನು ಕೇಳಿದಾಗ ಅವರು ಪಂಚಾಂಗವನ್ನು ಚೀಲಕ್ಕೆ ಹಾಕಿಕೊಂಡು, ನನಗೆ ಇನ್ನೊಂದು ಕಾಲೊನಿಗೆ ಹೊತ್ತಾಯಿತು ಎಂದರು.

ಅವ್ವ ಬೇವಿನ ಪಾತ್ರೆ ತರಿಸಿದರು. ಅಕ್ಕ ತಂದಳು. ತಳದಲ್ಲಿ ಸ್ವಲ್ಪ ಉಳಿದಿತ್ತು. ನೋಡಿರಿ ಎಂದು ಅವ್ವ ಅದನ್ನು ಕಾರ್ಯದರ್ಶಿಯ ಕಡೆ ಅಂದಾಜಿನಿಂದ ಚಾಚಿದರು, ಅವರು ಅವ್ವ ಎಣಿಸಿದ ಕಡೆ ಇರಲಿಲ್ಲ, ಸ್ವಲ್ಪ ಬಲಕ್ಕಿದ್ದರು. ಅವರೇ ಸರಿದು ಎದುರಿಗೆ ಬಂದು ನಿಂತರು. ಸೌಟಿನಿಂದ ಒಂದು ಹೂವನ್ನು ಎತ್ತಿ ಅಂಗೈಗೆ ಹಾಕಿಕೊಂಡು, ಜೇಬಿನ ಕನ್ನಡಕ ಹಾಕಿ, ಉಗುರಿನಿಂದ ಎಸಳುಗಳನ್ನು ಬಿಡಿಸಿದರು. ಬೇವಿನ ಹೂವಿಗೆ ಐದು ಎಸಳು. ಇದು ಇಲ್ಲಿ ಯಾರಿಗಾದರೂ ಗೊತ್ತು. ಅವರು ಎಣಿಸಿದರು. ಮತ್ತೊಂದು ಹೂವು ತೆಗೆದು ಅದನ್ನೂ ಎಣಿಸಿದರು. ಆಮೇಲೆ ತೆಲುಗಿನಲ್ಲಿ ಮೆಲ್ಲಗೆ, “ಇದಿ ವೇಪ ಪುವ್ವು ಕಾದು,” ಎಂದರು. ಇದು ಬೇವಿನ ಹೂವಲ್ಲ. ಆಗ ಅವರ ಹತ್ತಿರ ಇದ್ದದ್ದು ಅವ್ವ, ಅಕ್ಕ, ಭಾವ, ನಾನು. ಕಮಿಟಿಯ ಇಬ್ಬರೂ ಉಳಿದ ಜನರೂ ಅಷ್ಟರಲ್ಲಿ ಶಾಮಿಯಾನಕ್ಕೆ ಹೋಗಿಬಿಟ್ಟಿದ್ದರು.

ಅವರು ಗಿಡಗಳಿಗೆ ಒಂದು ವರ್ಷ ಕೊಟ್ಟರು. ಕಾರಣವನ್ನು ಯಾರಿಗೂ ವಿವರಿಸಲಿಲ್ಲ, ಒಪ್ಪಂದದಂತೆ ಎಂದಷ್ಟೇ ಹೇಳಿದರು. ಜನಕ್ಕೆ ಅಷ್ಟು ಸಾಕಾಗಲಿಲ್ಲ. ಮುದುಕಿ ಮುಂದೆ ಬಂದಳು, ಮೇಷ್ಟ್ರು ಕರಗಿದರು ಎಂಬಲ್ಲಿಗೆ ಮಾತು ನಿಂತಿತು.

ಗೋಡೆಯ ಕಡೆಗೆ ಬಾಗಿದ್ದ ಒಂದು ಕೊಂಬೆ ಅವ್ವನ ಕೈಗೆ ಸಿಕ್ಕಿರಲಿಲ್ಲ. ಅದರಲ್ಲಿ ಎರಡು ಗೊಂಚಲು ಉಳಿದಿದ್ದವು, ಅವು ಮರುದಿನವೂ ಇದ್ದವು. ಯಾರಾದರೂ ಬಂದು ನೋಡಲಿ ಎಂದು ನಾನು ಅಂದೆ. ಭಾವ ಬೇಡವೆಂದರು, ಅವ್ವನ ಮಾತಿಗೆ ಪುರಾವೆ ಹುಡುಕುವುದು ತಮ್ಮಿಂದಾಗದು ಎಂದರು. ಎಸಳುಗಳು ಕಂದಿ ಉದುರಿದವು. ಗುಂಡುಪಿನ್ನಿನ ತಲೆಯಷ್ಟು ಎರಡೋ ಮೂರೋ ಕಾಯಿ ನಿಂತವು. ಮೇ ತಿಂಗಳ ಬಿಸಿಲಿಗೆ ಅವೂ ಹೋದವು. ಮುಂದಿನ ಚಳಿಗಾಲ ಚಳಿಯೇ ಬೀಳಲಿಲ್ಲ, ಭಾವ ಐಸು ತರಲಿಲ್ಲ, ನಾಲ್ಕೂ ಗಿಡಗಳಲ್ಲಿ ಮೊಗ್ಗು ಚೂಪಾಗಿಯೇ ಒಡೆದವು. ಆ ಯುಗಾದಿಗೆ ಬೇವು ಮಾಡುವ ಕೆಲಸವನ್ನು ಸಂಘ ಬೇರೆ ಮನೆಗೆ ಕೊಟ್ಟಿತು. ಅವ್ವನಿಗೆ ಯಾರೂ ಬಂದು ಹೇಳಲಿಲ್ಲ, ಪಕ್ಕದ ಮನೆಯಲ್ಲಿ ಬೇವಿನ ದೊಡ್ಡ ಪಾತ್ರೆ ತೊಳೆಯುವ ಸದ್ದಿನಿಂದ ತಿಳಿಯಿತು. ಅಷ್ಟರೊಳಗೆ ಕಣ್ಣಿನ ಆಪರೇಷನ್ ಆಗಿತ್ತು, ಒಂದು ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಆ ಬೆಳಿಗ್ಗೆಯೂ ಅವರು ಮಡಿಯುಟ್ಟು ತಯಾರಾಗಿ, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಕ್ಕ ನಮ್ಮ ಮನೆಗಷ್ಟು ಮಾಡಿರಿ ಎಂದಾಗ ಮಾಡಿದರು. ಚೆನ್ನಾಗಿತ್ತು. ಅವರು ಮಾತ್ರ ಕುಡಿಯಲಿಲ್ಲ.

ಗಿಡಗಳನ್ನು ಕಡಿದರು. ಆ ದೀಪಾವಳಿ ಕಾಣುವ ಮೊದಲೇ ಅವ್ವ ತೀರಿಕೊಂಡರು. ವಯಸ್ಸಾಗಿತ್ತು. ಇದನ್ನು ಅದಕ್ಕೆ ಜೋಡಿಸುವುದಿಲ್ಲ.

ಕೋರ್ಟಿನ ಉದ್ಘಾಟನೆಗೆ ನಾನು ಹೋಗಬಾರದಿತ್ತು, ಹೋದೆ. ಭಾಷಣ ಮಾಡಿದವರೊಬ್ಬರು, ಇಲ್ಲಿ ಮೊದಲು ಒಂದು ಗಿಡವಿತ್ತು, ಅದು ಅಜ್ಜಿಯ ಲೋಟದಲ್ಲಿ ಮಾತ್ರ ಹೂಬಿಡುತ್ತ ಇತ್ತು ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಮಗನಿಗಾಗಿ ತಾಯಿ ಒಂದು ಸುಳ್ಳೂ ಹೇಳಬಾರದೇ ಎಂದು ನನ್ನ ಪಕ್ಕದವರು ನನಗೇ ಹೇಳಿದರು, ಮೆಚ್ಚಿಗೆಯಿಂದ. ಕುರುಡಿಯೆಂದು ನಾಟಕ ಮಾಡಿದ್ದನ್ನೂ ಸೇರಿಸಿದರು. ಕಾರ್ಯದರ್ಶಿ ವೇದಿಕೆಯ ಮೇಲೆ ಕೂತಿದ್ದರು. ಅವರು ನಗಲಿಲ್ಲ. ಎದ್ದು ಒಂದು ಮಾತೂ ಹೇಳಲಿಲ್ಲ.

ಮನೆಗೆ ಬಂದು ಭಾವನಿಗೆ ಹೇಳಿದೆ. ಅವರು, “ಆವತ್ತ ಹೂವಾ ನಾನ ಹರದೀನಿ ಅಂತ ನಾ ಅಂದಿದ್ರ ಮುಗೀತಿತ್ತು,” ಎಂದರು. “ಹೊಳೀಲಿಲ್ಲ ನೋಡು ಆಗ.” ಅಂದಿನಿಂದ ಅವರು ಆ ವಿಷಯ ಎತ್ತುವುದಿಲ್ಲ. ನನಗೆ ಬಿಡಲು ಆಗುತ್ತಿಲ್ಲ. ಅವ್ವ ತಮ್ಮ ಕಣ್ಣಿನ ಗುಟ್ಟನ್ನೂ ತಮ್ಮ ಕೈಯ ಬೇವನ್ನೂ ಕೊಟ್ಟು ಹೇಳಿದ ಮಾತು ಅದು. ಅದನ್ನು ಸುಳ್ಳೆಂದು ಮೆಚ್ಚಿಕೊಳ್ಳುವುದನ್ನು ಕೇಳಿಕೊಂಡು ಕೂರಲಾರೆ.

ಹೂವನ್ನು ಗಿಡದ ಮೇಲೆ ಕಂಡವರು ಮೂವರು, ಮೂವರೂ ಇದ್ದೇವೆ. ಒಬ್ಬರು ಅವರ ಮಗ, ಒಬ್ಬಳು ಸೊಸೆ, ನಾನು ಸೊಸೆಯ ತಮ್ಮ. ನಮ್ಮ ಮಾತನ್ನು ಮನೆಯವರ ಮಾತೆಂದು ತಳ್ಳಿಹಾಕಬಹುದು. ಹಾಗಾದರೆ ಹೊರಗಿನವರು ಒಬ್ಬರಿದ್ದಾರೆ. ಪಾತ್ರೆಯಿಂದ ಹೂವು ಎತ್ತಿ, ಕನ್ನಡಕ ಹಾಕಿ, ಎಣಿಸಿ ನೋಡಿದವರು. ಸಂಘದ ಕಾರ್ಯದರ್ಶಿ. ಗಟ್ಟಿಯಾಗಿದ್ದಾರೆ, ಕಣ್ಣು ಕಿವಿ ಚೆನ್ನಾಗಿವೆ, ದಿನವೂ ಬೆಳಿಗ್ಗೆ ಆ ಕೋರ್ಟಿನ ಸುತ್ತಲೇ ನಡೆಯುತ್ತಾರೆ.